ಅಪ್ಪನ ಅಟ್ಟದಲ್ಲಿ 63 ಪೆಟ್ಟಿಗೆ: ಇದು ಕಲೆಯಾ, ಗುಜರಿಯಾ?

ಹಾರಂಗಿ ಹೊಳೆ:
ಎಲ್ಲರಿಗೂ ನಮಸ್ಕಾರ. ನಮ್ಮ ಕೊಡಗಿನ ಈ ಗುಂಪಿನಲ್ಲಿ ದಿನಾ ಕಾಫಿ ರೇಟು, ಆನೆ, ರಸ್ತೆ ಗುಂಡಿ ಇದೇ ಮಾತು. ನನ್ನದು ಸ್ವಲ್ಪ ಬೇರೆ ತರದ ತಲೆನೋವು. ಬೈಬೇಡಿ.

ನಮ್ಮ ಮನೆ ಸೋಮವಾರಪೇಟೆ ಕಡೆ. ಅಪ್ಪ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದರು. ತೀರಿಕೊಂಡು ಎರಡು ವರ್ಷ ಆಯ್ತು. ಸ್ಕೂಲು ಮುಗಿಸಿ ಬಂದವರು ಕಾಫಿ ಕುಡಿದು ಅಟ್ಟ ಹತ್ತಿದರೆ ಊಟಕ್ಕೇ ಇಳಿಯುತ್ತಿದ್ದದ್ದು. ಅಲ್ಲಿ ಪೆಟ್ಟಿಗೆ ಮಾಡುತ್ತಿದ್ದರು. ಹಳೆ ಕಿತ್ತಳೆ ಪೆಟ್ಟಿಗೆಯ ಹಲಗೆ ಬಿಚ್ಚಿ, ಉಜ್ಜಿ, ಸಣ್ಣ ಗೂಡಿನ ಹಾಗೆ ಮಾಡಿ, ಮುಂದೆ ಗಾಜು ಕೂರಿಸೋದು. ಒಳಗೆ ಏನೇನೋ. ಬಸ್ ಟಿಕೆಟ್, ಬೆಂಕಿಪೊಟ್ಟಣದ ಚಿತ್ರ, ಕೈಗಡಿಯಾರದ ಹಲ್ಲುಚಕ್ರ, ಹಂಚಿನ ಚೂರು, ಕ್ಯಾಲೆಂಡರಿನಿಂದ ಕತ್ತರಿಸಿದ ಸರಸ್ವತಿಯ ಕೈಗಳು (ವೀಣೆ ಇಲ್ಲ, ಬರೀ ಕೈ). ಎಣಿಸಿದೆ, ಒಟ್ಟು 63 ಇವೆ.

ಈಗ ಅಣ್ಣ ಅಟ್ಟವನ್ನು ಹೋಮ್‌ಸ್ಟೇ ರೂಮು ಮಾಡಬೇಕು ಅಂತಿದ್ದಾನೆ. "ಚೆನ್ನಾಗಿರೋದು ಹತ್ತು ಇಟ್ಕೋ, ಮಿಕ್ಕಿದ್ದು ಗುಜರಿಗೆ ಹಾಕೋಣ" ಅನ್ನೋದು ಅವನ ಲೆಕ್ಕ. ಅಮ್ಮ ಒಂದು ಮಾತೂ ಆಡುತ್ತಿಲ್ಲ. ಅಪ್ಪ ಇದನ್ನು ಯಾರಿಗೂ ಕರೆದು ತೋರಿಸಿದವರಲ್ಲ. ಇದನ್ನು ಏನು ಅಂತ ಕರೀಬೇಕು? 63ರಲ್ಲಿ ಹತ್ತು ಆರಿಸೋದು ಹೇಗೆ?

ಪೆಪ್ಪರ್ ಬಳ್ಳಿ:
ಗುಜರಿಯವನು ಗಾಜು ಬೇಡ ಅಂತಾನೆ. ಅನುಭವದ ಮಾತು.

ಮೂರನೇ ಮೈಲಿ:
ಮೊದಲು ಫೋಟೋ ಹಾಕಿ. ಆಮೇಲೆ ತೀರ್ಪು.

ಡ್ರಾಯಿಂಗ್ ಶೀಟ್:
ಓದಿ ಮೈ ಜುಮ್ ಅಂತು. ಹಾರಂಗಿಯವರೇ, ದಯವಿಟ್ಟು ಏನನ್ನೂ ಮುಟ್ಟಬೇಡಿ. ನಿಮ್ಮ ಅಪ್ಪನಂಥ ಒಬ್ಬ ಅಮೆರಿಕದಲ್ಲಿ ಇದ್ದ. ಹೆಸರು ಜೋಸೆಫ್ ಕಾರ್ನೆಲ್. 1903ರಲ್ಲಿ ಹುಟ್ಟಿದ್ದು, 1972ರಲ್ಲಿ ಸತ್ತದ್ದು. ಆರ್ಟ್ ಸ್ಕೂಲಿನ ಮೆಟ್ಟಿಲು ಹತ್ತಿದವನಲ್ಲ. ಬಟ್ಟೆ ಕಂಪನಿಯ ಸೇಲ್ಸ್‌ಮನ್. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ, ಯುಟೋಪಿಯಾ ಪಾರ್ಕ್‌ವೇ ಅನ್ನೋ ರಸ್ತೆಯಲ್ಲಿ ಒಂದು ಮರದ ಮನೆ. ಅಲ್ಲಿ ತಾಯಿ, ಇವನು, ನಡೆಯಲಾಗದ ತಮ್ಮ ರಾಬರ್ಟ್. ಮದುವೆ ಆಗಲಿಲ್ಲ. ತಮ್ಮನನ್ನು ನೋಡಿಕೊಂಡು ಮಿಕ್ಕ ಹೊತ್ತಿನಲ್ಲಿ ನೆಲಮಾಳಿಗೆಯಲ್ಲಿ ಕೂತು ಪೆಟ್ಟಿಗೆ ಮಾಡುತ್ತಿದ್ದ.

ಹಳೆ ಪುಸ್ತಕದಂಗಡಿ, ಅಗ್ಗದ ಸಾಮಾನಿನ ಅಂಗಡಿ ಎಲ್ಲಾ ಸುತ್ತಿ ಸೋಪಿನ ಗುಳ್ಳೆ ಊದುವ ಪೈಪು, ಕಾರ್ಕಿನ ಚೆಂಡು, ನಕ್ಷೆ, ಹಳೆ ಚಿತ್ರ, ಚಿಪ್ಪು ತರೋನು. ಎಲ್ಲವನ್ನೂ ವಿಷಯದ ಪ್ರಕಾರ ಡಬ್ಬಿಗಳಲ್ಲಿ, ಫೈಲುಗಳಲ್ಲಿ ಇಡೋನು. ಅಪರೂಪದ ಚಿತ್ರ ಸಿಕ್ಕರೆ ಅಸಲಿಗೆ ಕತ್ತರಿ ಹಾಕದೆ ಫೋಟೋಸ್ಟಾಟ್ ಮಾಡಿಸಿ ನಕಲು ಅಂಟಿಸೋನು. ಹೊಸ ಬಣ್ಣ ಹಳೆಯದಾಗಿ ಬಿರುಕು ಬಿಡಲಿ ಅಂತ ಪೆಟ್ಟಿಗೆಯನ್ನು ಒಲೆಯಲ್ಲಿ ಬೇಯಿಸುತ್ತಿದ್ದ ಅಂದರೆ ನೋಡಿ! ಇವತ್ತು ಅವನ ಸಾಮಾನು, ಕಾಗದಪತ್ರ, ಕೆಲಸಕ್ಕೆ ಅಂತ ಕೂಡಿಸಿಟ್ಟ ಸರಕು ಎಲ್ಲಾ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ. ಅದಕ್ಕೇ ಅಂತ ಒಂದು ಅಧ್ಯಯನ ಕೇಂದ್ರ ಇದೆ.

ವಿರಾಜಪೇಟೆ ಅಂಕಲ್:
ಅಲ್ಲ ಮಾರಾಯ್ರೆ, ಅಮೆರಿಕದವನು ಪೆಟ್ಟಿಗೆಗೆ ಹಾಕಿದರೆ ಕಲೆ. ನಮ್ಮ ಅಜ್ಜಿ ಟ್ರಂಕಿನಲ್ಲಿ ಇಟ್ಟರೆ ಕಸ. ಇದ್ಯಾವ ನ್ಯಾಯ? ಕೊಡಗಿನಲ್ಲಿ ಯಾವ ಮನೆಯ ಅಟ್ಟದಲ್ಲಿ ಹಳೆ ಸಾಮಾನು ಇಲ್ಲ ಹೇಳಿ. ನಮ್ಮ ಐನ್‌ಮನೆಯಲ್ಲಿ (ಕುಟುಂಬದ ಮೂಲ ಮನೆ) ಒಡಿಕತ್ತಿ, ಪೀಚೆಕತ್ತಿ, ತೂಗುದೀಪ, ಬ್ರಿಟಿಷರ ಕಾಲದ ರೇಡಿಯೋ ಎಲ್ಲಾ ಇದೆ. ಹಾಗಂತ ನಾನು ಕಲಾವಿದನಾ? ಸಂಗ್ರಹ ಬೇರೆ, ಕಲೆ ಬೇರೆ.

ಡ್ರಾಯಿಂಗ್ ಶೀಟ್:
ಅಂಕಲ್, ಟ್ರಂಕಿನಲ್ಲಿ ಸಾಮಾನು ಒಂದರ ಮೇಲೊಂದು ಬೀಳುತ್ತೆ. ಪೆಟ್ಟಿಗೆಯಲ್ಲಿ ಒಂದರ ಪಕ್ಕ ಇನ್ನೊಂದನ್ನು ಬೇಕಂತಲೇ ಇಡಲಾಗುತ್ತೆ. ವ್ಯತ್ಯಾಸ ಅಷ್ಟೆ, ಆದರೆ ಅದು ದೊಡ್ಡದು. ಹೀಗೆ ಬೇರೆ ಬೇರೆ ಚೂರು ಜೋಡಿಸಿ ಮಾಡೋ ಕಲೆಗೆ ಕೊಲಾಜ್ ಅಂತಾರೆ, ಆ ಪದದ ಮೂಲ ಅರ್ಥವೇ ಅಂಟಿಸುವುದು. 1912ರಲ್ಲಿ ಪಿಕಾಸೋ ಕುರ್ಚಿಯ ಬೆತ್ತದ ನೇಯ್ಗೆ ಬರೆಯೋ ಬದಲು, ಆ ನೇಯ್ಗೆಯ ಚಿತ್ರ ಅಚ್ಚಾಗಿದ್ದ ಮೇಣಬಟ್ಟೆಯನ್ನು ತಂದು ಕ್ಯಾನ್ವಾಸಿಗೆ ಅಂಟಿಸಿದ. ಸುತ್ತ ಚೌಕಟ್ಟಿಗೆ ಹಗ್ಗ. ಆವತ್ತಿನಿಂದ "ಕೈಯಲ್ಲಿ ಬರೆದಿದ್ದೇ ಚಿತ್ರ" ಅನ್ನೋ ಮಾತು ಹೋಯ್ತು.

ವಿರಾಜಪೇಟೆ ಅಂಕಲ್:
ಹಗ್ಗ ಕಟ್ಟಿದರೆ ಕಲೆ. ಸರಿ ಬಿಡಿ. ನಮ್ಮ ಹಟ್ಟಿ ತುಂಬಾ ಇದೆ.

ಕಾಫಿ ಕಣ:
ಅಂಕಲ್ ಕೇಳಿದ್ದರಲ್ಲಿ ಅರ್ಥ ಇದೆ. ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂ ನೋಡಿದ್ದೀರಲ್ಲ? ಅಲ್ಲಿ ಹೊಟ್ಟೆ ತುಂಬುವಷ್ಟು ಸಾಮಾನು. ಕ್ಯಾಮೆರಾನೇ ಎಷ್ಟೊಂದು. ಅದು "ಬಿಸಾಡಬಾರದು" ಅನ್ನೋ ಪ್ರೀತಿ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಇನ್ನೊಂದು ಹೆಜ್ಜೆ ಮುಂದೆ ಹೋದರು. ಬೀಳಿಸಲು ಹೊರಟ ಹಳೆ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಜೋಡಿಸಿ ನಿಲ್ಲಿಸಿದರು. ಅದೂ ಕೊಲಾಜೇ ಅಲ್ವಾ, ಊರಿನ ಗಾತ್ರದ್ದು?

ಆದರೆ ಮೇಷ್ಟ್ರ ಪೆಟ್ಟಿಗೆ ಬೇರೆ ಅನ್ನಿಸುತ್ತೆ. ಸಾಮಾನಿಗೆ ಬೆಲೆಯೇ ಇಲ್ಲ, ಬಸ್ ಟಿಕೆಟ್ಟು. ಇಟ್ಟ ರೀತಿಗೆ ಬೆಲೆ.

ಹಾರಂಗಿ ಹೊಳೆ:
ಇಷ್ಟು ಜನ ಬರೀತೀರಿ ಅಂದ್ಕೊಂಡಿರಲಿಲ್ಲ. ಅಟ್ಟದಲ್ಲಿ ಬೆಳಕು ಕಮ್ಮಿ, ನಾಕೈದು ಫೋಟೋ ಹಾಕಿದ್ದೀನಿ. ಹಿಂದೆ ಅಪ್ಪನ ಕೈಬರಹದಲ್ಲಿ ಬರೀ ನಂಬರ್ ಇದೆ, ಹೆಸರಿಲ್ಲ.

17: ಒಳಗೆ ಹನ್ನೆರಡು ಖಾನೆ. ಒಂದೊಂದರಲ್ಲೂ ಒಂದೊಂದು ಕಾಫಿ ಬೀಜ. ಮೊದಲನೆಯದು ಹಸಿರು, ಆಮೇಲೆ ಬಣ್ಣ ಏರುತ್ತಾ ಕೊನೆಯದು ಪೂರ್ತಿ ಸುಟ್ಟು ಕರಿ. ಹಿಂದೆ ಸ್ಕೂಲಿನ ಹಾಜರಿ ಪುಸ್ತಕದ ಹಾಳೆ.

41: ಎಡಗಡೆ ಒಂದು ಬೆಳ್ಳಿ ಚಮಚ, ತುಂಬಾ ಹಳೆಯದು. ಬಲಗಡೆ ಯಾವುದೋ ಎಸ್ಟೇಟಿನ ಚೆಕ್‌ರೋಲ್ ಹಾಳೆಯ ಚೂರು. ನಡುವೆ ಏನೂ ಇಲ್ಲ, ಬರೀ ಹಲಗೆ.

8: ನನಗೆ ಎಲ್ಲಕ್ಕಿಂತ ಇಷ್ಟ. ಒಳಗೆಲ್ಲಾ ಗಾಢ ನೀಲಿ. ಮೇಲೆ ಹಿತ್ತಾಳೆಯ ದುಂಡನೆಯ ಏನೋ ಒಂದು, ಚಂದ್ರನ ಹಾಗೆ. ಕೆಳಗೆ ಮಡಿಕೇರಿ ಬಸ್ಸಿನ ಟಿಕೆಟ್‌ಗಳನ್ನು ತ್ರಿಕೋನವಾಗಿ ಕತ್ತರಿಸಿ ಬೆಟ್ಟಸಾಲು ಮಾಡಿದ್ದಾರೆ. ಇದರ ಫೋಟೋ ಮಾತ್ರ ಸರಿ ಬಂದಿಲ್ಲ. ಗಾಜಿನ ಮೇಲೆ ಫ್ಲ್ಯಾಶ್ ಹೊಡೆದು ನನ್ನ ಮೊಬೈಲೇ ಕಾಣುತ್ತೆ.

ಮೂರನೇ ಮೈಲಿ:
17 ನೋಡಿ ಸುಮ್ನೆ ಕೂತೆ. ಹುರಿಯೋ ವಾಸನೆ ಬಂತು.

ಲೈನ್ ಮನೆ ಹುಡುಗ:
41ರ ಬಗ್ಗೆ ಎರಡು ಮಾತು. ನನ್ನ ಅಜ್ಜ ಅಜ್ಜಿ ಎಸ್ಟೇಟಿನ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ ಇದ್ದವರು. ಚೆಕ್‌ರೋಲ್ ಅಂದರೆ ದಿನದ ಹಾಜರಿ. ಅದರಲ್ಲಿ ಹೆಸರಿನ ಮುಂದೆ ಗೀಟು ಬಿದ್ದರೆ ಆ ದಿನದ ಕೂಲಿ, ಇಲ್ಲಾಂದ್ರೆ ಇಲ್ಲ. ನಮ್ಮ ಅಜ್ಜಿ ಈ ಭೂಮಿಯ ಮೇಲೆ ಇದ್ದರು ಅನ್ನೋದಕ್ಕೆ ಕಾಗದದಲ್ಲಿ ಉಳಿದಿರೋ ಗುರುತು ಪ್ರಾಯಶಃ ಅಂಥ ಗೀಟುಗಳು ಮಾತ್ರ. ಫೋಟೋ ಇಲ್ಲ.

ಕೊಡಗಿನ ಹಳೆ ಸಾಮಾನು ಅಂದರೆ ಎಲ್ಲರಿಗೂ ಕೋವಿ, ಕತ್ತಿ, ಒಡವೆ ನೆನಪಾಗುತ್ತೆ. ತಪ್ಪಲ್ಲ. ಆದರೆ ಹಣ್ಣು ಕುಯ್ಯೋ ಬುಟ್ಟಿ, ಮಳೆಗೆ ತಲೆ ಮೇಲೆ ಹಾಕಿಕೊಳ್ಳೋ ಗೋಣಿಕೊಪ್ಪೆ ಇವನ್ನು ಗಾಜಿನೊಳಗೆ ಇಟ್ಟಿದ್ದು ನಾನಂತೂ ನೋಡಿಲ್ಲ. ಮೇಷ್ಟ್ರು ಬೆಳ್ಳಿ ಚಮಚದ ಎದುರು ಚೆಕ್‌ರೋಲ್ ಇಟ್ಟಿದ್ದಾರೆ, ನಡುವೆ ಖಾಲಿ ಬಿಟ್ಟಿದ್ದಾರೆ. ಸುಮ್ನೆ ಇಟ್ಟಿದ್ದಲ್ಲ ಅದು.

ವಿರಾಜಪೇಟೆ ಅಂಕಲ್:
ತಮ್ಮಾ, ಈ ಮಾತು ಒಪ್ಪಿದೆ. ನಮ್ಮ ಮನೆಯಲ್ಲೂ ಹಳೆ ಚೆಕ್‌ರೋಲ್ ಇತ್ತು. ಹಂಡೆ ಒಲೆಗೆ ಹೋಯ್ತು. ಈಗ ಬೇಜಾರಾಗುತ್ತೆ.

ಡ್ರಾಯಿಂಗ್ ಶೀಟ್:
@ಲೈನ್ ಮನೆ ಹುಡುಗ, ಇದನ್ನೇ 1992ರಲ್ಲಿ ಫ್ರೆಡ್ ವಿಲ್ಸನ್ ಅನ್ನೋ ಕಲಾವಿದ ಅಮೆರಿಕದ ಬಾಲ್ಟಿಮೋರಿನಲ್ಲಿ ಮಾಡಿದ. ಮೇರಿಲ್ಯಾಂಡ್ ಹಿಸ್ಟಾರಿಕಲ್ ಸೊಸೈಟಿಯ ಉಗ್ರಾಣಕ್ಕೇ ಇಳಿದು, ಅವರದೇ ಸಾಮಾನನ್ನು ಬೇರೆ ತರ ಜೋಡಿಸಿದ. ಒಂದು ಕಪಾಟಿನಲ್ಲಿ ಶ್ರೀಮಂತರ ಕುಸುರಿ ಕೆಲಸದ ಬೆಳ್ಳಿ ಪಾತ್ರೆಗಳು, ಅದರ ನಡುವೆ ಗುಲಾಮರ ಕಾಲಿಗೆ ಹಾಕುತ್ತಿದ್ದ ಕಬ್ಬಿಣದ ಬೇಡಿ. ಚೀಟಿಯಲ್ಲಿ ಬರೀ "ಲೋಹದ ಕೆಲಸ, 1793–1880" ಅಂತ. ಒಂದು ಅಕ್ಷರ ಜಾಸ್ತಿ ಬರೆಯಲಿಲ್ಲ. ಹೊಸದಾಗಿ ಏನನ್ನೂ ಮಾಡಲಿಲ್ಲ, ಜಾಗ ಬದಲಾಯಿಸಿದ ಅಷ್ಟೆ.

ಪೆಪ್ಪರ್ ಬಳ್ಳಿ:
ನಮ್ಮ ಮಡಿಕೇರಿ ಕೋಟೆಯೇ ಒಂದು ಕೊಲಾಜ್ ಅಲ್ವಾ ಹಾಗಾದ್ರೆ. ಲಿಂಗರಾಜನ ಅರಮನೆ, ಬ್ರಿಟಿಷರ ಚರ್ಚು, ಗಾರೆಯ ಎರಡು ಆನೆ. ಚರ್ಚಿನೊಳಗೆ ಮ್ಯೂಸಿಯಂ. ಬಣ್ಣದ ಗಾಜಿನ ಕಿಟಕಿ ಕೆಳಗೆ ವಿಗ್ರಹ, ಹಳೆ ಆಯುಧ. ಯಾರೂ ಬೇಕಂತ ಜೋಡಿಸಿದ್ದಲ್ಲ.

ಮೂರನೇ ಮೈಲಿ:
ಆನೆ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳೋ ಟೂರಿಸ್ಟ್‌ಗಳೂ ಸೇರಿ.

ಕಾಡಂಚು:
ಒಂದು ಎಚ್ಚರಿಕೆ. ಮೂರನೇ ಫೋಟೋದಲ್ಲಿ ಮೂಲೆಯಲ್ಲಿ ಕಾಣೋದು ಕಡವೆ ಕೊಂಬಿನ ತುದಿ ಅಲ್ವಾ? 1972ರ ವನ್ಯಜೀವಿ ಕಾಯ್ದೆ ಪ್ರಕಾರ ತಾನಾಗಿ ಉದುರಿದ ಕೊಂಬಾದರೂ ಪ್ರಮಾಣಪತ್ರ ಇಲ್ಲದೆ ಇಟ್ಟುಕೊಳ್ಳೋ ಹಾಗಿಲ್ಲ. ಅದರಲ್ಲೂ ಹೋಮ್‌ಸ್ಟೇ ಗೋಡೆಗೆ ಹಾಕಿ ನೆಟ್‌ನಲ್ಲಿ ಫೋಟೋ ಬಿಟ್ಟರೆ ಮುಗೀತು ಕಥೆ. ಆ ಫೋಟೋ ಇಲ್ಲಿಂದ ಅಳಿಸಿ, ಒಬ್ಬ ವಕೀಲರನ್ನು ಕೇಳಿ, ಆಮೇಲೆ ಅರಣ್ಯ ಇಲಾಖೆಯವರ ಹತ್ತಿರ ಹೋಗಿ. ಉದುರಿದ ನವಿಲುಗರಿಗೆ ತೊಂದರೆ ಇಲ್ಲ.

ನೂರು ವರ್ಷ ದಾಟಿದ ವಿಗ್ರಹ, ದೀಪ ಇತ್ಯಾದಿ ಇದ್ದರೆ ಅದಕ್ಕೆ ಬೇರೆ ಕಾನೂನು, ಪುರಾತನ ವಸ್ತುಗಳದ್ದು. ಅದೂ 1972ರದ್ದೇ. ಹೊರದೇಶಕ್ಕಂತೂ ಮಾರೋ ಹಾಗೇ ಇಲ್ಲ.

ಡ್ರಾಯಿಂಗ್ ಶೀಟ್:
ಕಾರ್ನೆಲ್ ಸತ್ತ ವರ್ಷವೇ ಎರಡೂ ಕಾನೂನು! ಅವನು ಗಿಣಿ ಬೇಕಿದ್ದರೆ ಪುಸ್ತಕದ ಗಿಣಿ ಚಿತ್ರ ಕತ್ತರಿಸಿ ಮರದ ತುಂಡಿಗೆ ಅಂಟಿಸಿ ನಿಲ್ಲಿಸುತ್ತಿದ್ದ. 1943ರಲ್ಲಿ, ಯುದ್ಧದ ಕಾಲದಲ್ಲಿ, ಅಂಥ ಗಿಣಿಗಳ ಮುಂದಿನ ಗಾಜನ್ನು ಗುಂಡೇಟು ಬಿದ್ದ ಹಾಗೆ ಒಡೆದು ಒಂದು ಪೆಟ್ಟಿಗೆ ಮಾಡಿದ. ಕೇಸು ಬೀಳೋ ಭಯ ಇಲ್ಲ.

ಹಾರಂಗಿ ಹೊಳೆ:
ಅಯ್ಯೋ ದೇವರೇ. ಫೋಟೋ ಅಳಿಸಿಬಿಟ್ಟೆ. ಥ್ಯಾಂಕ್ಸ್ ಅಣ್ಣ.

ಪುಸ್ತಕದ ಹುಳ:
ಹುಟ್ಟಿದ್ದು ಮಡಿಕೇರಿ, ಈಗ ಮೈಸೂರಿನಲ್ಲಿ ಲೈಬ್ರರಿ ಕೆಲಸ. ನೀವೆಲ್ಲಾ ಕಲೆಯಾ ಕಸವಾ ಅಂತ ಜಗಳ ಆಡ್ತಾ ಇರಿ. ಅಷ್ಟರಲ್ಲಿ ಬೂಷ್ಟು ತೀರ್ಮಾನ ಮಾಡಿಬಿಡುತ್ತೆ.

ಕಾಗದಕ್ಕೆ ಗಾಳಿಯ ತೇವ ನೂರಕ್ಕೆ ಐವತ್ತರ ಆಸುಪಾಸು ಇದ್ದರೆ ಹಿತ. ನಮ್ಮಲ್ಲಿ ಜುಲೈನಲ್ಲಿ ಎಂಬತ್ತು, ತೊಂಬತ್ತು. ಬೆಲ್ಟು, ಚಪ್ಪಲಿಗೇ ಬೂಷ್ಟು ಬರುತ್ತೆ, ಇನ್ನು ಟಿಕೆಟ್ಟು ಯಾವ ಲೆಕ್ಕ? ಪೆಟ್ಟಿಗೆಯನ್ನು ಮಳೆ ಹೊಡೆಯೋ ಕಡೆಯ ಗೋಡೆಗೆ ತಾಗಿಸಬೇಡಿ. ಗೋಡೆಗೂ ಪೆಟ್ಟಿಗೆಗೂ ನಡುವೆ ಎರಡು ಬೆರಳು ಗಾಳಿ ಆಡಲಿ. ಹಿಂಬದಿಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಸಿಕ್ಕಿಸಿ, ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಇಡಿ. ಬಿಸಿಲಿಗೆ ಹಾಕಬೇಡಿ, ನ್ಯೂಸ್‌ಪೇಪರಿನ ಕಾಗದ ಬೆಳಕಿಗೆ ಬೇಗ ಹಳದಿಯಾಗಿ ಪುಡಿಯಾಗುತ್ತೆ. ಸೆಲ್ಲೋಟೇಪ್ ಅಂತೂ ಮುಟ್ಟಲೇಬೇಡಿ.

ಎಲ್ಲಕ್ಕಿಂತ ಮೊದಲು, ಒಂದನ್ನೂ ಅಲುಗಾಡಿಸುವ ಮುಂಚೆ ಫೋಟೋ. ಮುಂದೆ, ಹಿಂದೆ, ಪಕ್ಕ, ನಂಬರ್ ಸಮೇತ. ಅಟ್ಟದಲ್ಲಿ ಯಾವುದರ ಪಕ್ಕ ಯಾವುದು ಇತ್ತು ಅನ್ನೋದೂ ಬೇಕು.

ಹಾರಂಗಿ ಹೊಳೆ:
ಒಂದು ವಿಚಿತ್ರ. ಕೆಲವು ಪೆಟ್ಟಿಗೆಯಲ್ಲಿ ಅಂಟು ಹಾಕಿದ ಕಡೆ ತೆಳು ನೀಲಿ ಬಣ್ಣ ಇದೆ. ಅವಕ್ಕೆ ಹುಳ ಹಿಡಿದೇ ಇಲ್ಲ. ಬೇರೆಯವು ಅಲ್ಲಲ್ಲಿ ತೂತು.

ಕಾಫಿ ಕಣ:
ಮೈಲುತುತ್ತು, ಅದೇ ತಾಮ್ರದ ನೀಲಿ ಉಪ್ಪು! ತೋಟಕ್ಕೆ ಹೊಡೆಯೋ ಮದ್ದು, ಬೋರ್ಡೋ ದ್ರಾವಣ ಮಾಡಲು ತಂದಿದ್ದನ್ನು ಮೈದಾ ಅಂಟಿಗೆ ಚಿಟಿಕೆ ಹಾಕಿರುತ್ತಾರೆ. ಹಿಂದೆ ಬೈಂಡಿಂಗ್ ಮಾಡುವವರೂ ಹಾಕುತ್ತಿದ್ದರು. ಮೇಷ್ಟ್ರು ಬುದ್ಧಿವಂತರು.

ಪುಸ್ತಕದ ಹುಳ:
ಹುಳಕ್ಕೆ ಒಳ್ಳೆ ಮದ್ದು, ಕಾಗದಕ್ಕೆ ಅಲ್ಲ. ತಾಮ್ರದ ಅಂಶ ಕಾಲ ಹೋದಂತೆ ಕಾಗದವನ್ನು ಕಂದು ಮಾಡಿ ಮುರುಕು ಮಾಡುತ್ತೆ. ಹೊಸ ರಿಪೇರಿಗೆ ಬಳಸಬೇಡಿ.

ಕಾಫಿ ಕಣ:
ಮುರುಕಾದರೂ ಇದೆಯಲ್ಲ ಸ್ವಾಮಿ. ಹುಳ ತಿಂದಿದ್ದರೆ ಏನೂ ಇರುತ್ತಿರಲಿಲ್ಲ.

ಹೆಂಚಿನ ಮನೆ:
ನಾನೇ ಆ ವಿಲನ್ ಅಣ್ಣ. ತಂಗಿ ಲಿಂಕ್ ಕಳಿಸಿದಳು. ಎಲ್ಲಾ ಓದಿದೆ.

ನೀವೆಲ್ಲಾ ಚೆನ್ನಾಗಿ ಬರೀತೀರಿ. ಮಾಡಿಗೆ ಹೆಂಚು ಬದಲಾಯಿಸೋ ದುಡ್ಡು ಯಾರು ಕೊಡ್ತೀರಿ? 2018ರ ಆಗಸ್ಟ್‌ನಲ್ಲಿ ನಮ್ಮ ಮನೆ ಹಿಂದಿನ ಗುಡ್ಡದ ಬರೆ ಜರಿದು ಅರ್ಧ ಕೊಟ್ಟಿಗೆ ಹೋಯ್ತು. ಆವತ್ತು ರಾತ್ರಿ ಅಪ್ಪ ಆ ಪೆಟ್ಟಿಗೆಗಳನ್ನು ಬಿಟ್ಟು ಇಳಿಯಲ್ಲ ಅಂತ ಅಟ್ಟದಲ್ಲೇ ಕೂತರು. ಕೈ ಹಿಡಿದು ಎಳಕೊಂಡು ಬಂದವನು ನಾನು. ನನಗೆ ಅವುಗಳ ಮೇಲೆ ಸಿಟ್ಟಿದೆ. ಮುಚ್ಚಿಡಲ್ಲ. ಒಂದು ರೂಮಿನಿಂದ ವರ್ಷಕ್ಕೆ ಸ್ವಲ್ಪ ದುಡ್ಡು ಬಂದರೆ ಮನೆ ನಿಲ್ಲುತ್ತೆ. ಮನೆ ನಿಂತರೆ ತಾನೇ ಪೆಟ್ಟಿಗೆ?

ಲೈನ್ ಮನೆ ಹುಡುಗ:
ಅಣ್ಣ, ನಿಮ್ಮ ಮಾತಲ್ಲಿ ತಪ್ಪಿಲ್ಲ.

ವಿರಾಜಪೇಟೆ ಅಂಕಲ್:
ನಾನು ಇಷ್ಟು ಹೊತ್ತು ಹೇಳಿದ್ದು ಇದನ್ನೇ. ಆದರೂ ಗುಜರಿಗೆ ಹಾಕಬೇಡ ಮಗಾ. ಎಳಕೊಂಡು ಬಂದ ಕಥೆ ಕೇಳಿದ ಮೇಲೆ ನನಗೂ ಮನಸ್ಸು ಬರ್ತಿಲ್ಲ.

ಡ್ರಾಯಿಂಗ್ ಶೀಟ್:
ಹೆಂಚಿನ ಮನೆಯವರೇ, ಹೊಟ್ಟೆಗೆ ಹಾಕಿಕೊಳ್ಳಿ, ಇನ್ನೊಬ್ಬನ ಕಥೆ ಹೇಳ್ತೀನಿ. ಜರ್ಮನಿಯ ಹ್ಯಾನೋವರಿನಲ್ಲಿ ಕುರ್ಟ್ ಶ್ವಿಟರ್ಸ್ ಅಂತ ಇದ್ದ. ಅವನೂ ಟ್ರಾಮ್ ಟಿಕೆಟ್ಟು, ರಸ್ತೆಯ ಕಾಗದ ಎಲ್ಲಾ ಆಯ್ದು ಅಂಟಿಸೋನು. ತನ್ನ ಕಲೆಗೆ "ಮೆರ್ಜ್" ಅಂತ ಹೆಸರು ಇಟ್ಟ. ಒಂದು ಬ್ಯಾಂಕಿನ ಜಾಹೀರಾತಿನ "ಕೊಮೆರ್ಜ್" ಪದವನ್ನು ಕತ್ತರಿಸಿದಾಗ ಉಳಿದ ಚೂರು ಅದು. ಆಮೇಲೆ ಅಂಟಿಸ್ತಾ ಅಂಟಿಸ್ತಾ ಮನೆಯ ಕೋಣೆಯನ್ನೇ ಗುಹೆಯ ಹಾಗೆ ಮಾಡಿಬಿಟ್ಟ. ನಾಜಿಗಳ ಕಾಟಕ್ಕೆ 1937ರಲ್ಲಿ ನಾರ್ವೆಗೆ, ಅಲ್ಲಿಂದ ಇಂಗ್ಲೆಂಡಿಗೆ ಓಡಿದ. 1943ರಲ್ಲಿ ಬಾಂಬು ಬಿದ್ದು ಕೋಣೆ ನಾಶವಾಯ್ತು. ಈಗ ಹ್ಯಾನೋವರಿನ ಮ್ಯೂಸಿಯಂನಲ್ಲಿ ಅದರ ಮರುರೂಪ ಇದೆ. ಹೇಗೆ ಕಟ್ಟಿದರು? 1933ರಲ್ಲಿ ಯಾರೋ ತೆಗೆದಿಟ್ಟಿದ್ದ ಫೋಟೋಗಳಿಂದ.

ಇಂಗ್ಲೆಂಡಿನಲ್ಲಿ ಸಾಯುವ ಮುಂಚೆ ಒಂದು ಕಲ್ಲಿನ ಕೊಟ್ಟಿಗೆಯ ಗೋಡೆ ಮೇಲೆ ಮತ್ತೆ ಶುರು ಮಾಡಿದ್ದ. ಆ ಗೋಡೆ ಅಲ್ಲೇ ಇದ್ದರೆ ಉಳಿಯಲ್ಲ ಅಂತ 1965ರಲ್ಲಿ ಇಡೀ ಗೋಡೆಯನ್ನೇ ನ್ಯೂಕಾಸಲ್‌ಗೆ ಸಾಗಿಸಿದರು. ಅಂದರೆ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದರೆ ಪಾಪ ಏನೂ ಇಲ್ಲ. ಹತ್ತು ಆರಿಸಿ ಮಿಕ್ಕಿದ್ದನ್ನು ಚದುರಿಸಬೇಡಿ ಅಷ್ಟೆ. 17ರ ಒಂದು ಖಾನೆಯಿಂದ ಒಂದು ಬೀಜ ತೆಗೆದರೆ ಹೇಗಿರುತ್ತೆ, ಹಾಗೆ.

ಪೆಪ್ಪರ್ ಬಳ್ಳಿ:
ಹೋಮ್‌ಸ್ಟೇ ರೂಮಿನಲ್ಲೇ ಹಾಕಿ. ಟೀವಿ ಬದಲು. ಬೆಂಗಳೂರಿನವರು ಟೀವಿ ನೋಡೋಕೆ ಬರ್ತಾರಾ?

ಕಾಡಂಚು:
ಬರ್ತಾರೆ. ಐಪಿಎಲ್ ಇದ್ದರೆ ಅದನ್ನೇ ಕೇಳ್ತಾರೆ. ಮತ್ತೆ ಪಂದಿಕರಿ.

ಮೂರನೇ ಮೈಲಿ:
ಕುಡಿದ ಟೂರಿಸ್ಟ್ ಕೈಗೆ 8ನೇ ಪೆಟ್ಟಿಗೆನಾ? ಬೇಡಪ್ಪಾ.

ಕಾಫಿ ಕಣ:
ಸೇನೆಯ ಮುಖ್ಯಸ್ಥರಾಗಿದ್ದ ತಿಮ್ಮಯ್ಯನವರ ಮಡಿಕೇರಿಯ ಸನ್ನಿಸೈಡ್ ಮನೆ 2021ರಲ್ಲಿ ಮ್ಯೂಸಿಯಂ ಆಯ್ತು. ಮನೆಯೇ ಮ್ಯೂಸಿಯಂ ಆಗಬಹುದು ಅಂತ ಮಡಿಕೇರಿಗೆ ಗೊತ್ತು. ಅವರು ಜನರಲ್, ನಿಮ್ಮ ಅಪ್ಪ ಮೇಷ್ಟ್ರು ಅನ್ನೋದು ನಿಜ. ಜಗಲಿಯಲ್ಲಿ ಒಂದು ಗೋಡೆ ಸಾಕು.

ಡ್ರಾಯಿಂಗ್ ಶೀಟ್:
ಜಗಲಿ ಆದರೆ ಕೆಳಗೆ ಹಾಕಿ, ಮಕ್ಕಳ ಕಣ್ಣಿನ ಎತ್ತರಕ್ಕೆ. ಕಾರ್ನೆಲ್ ಸಾಯುವ ವರ್ಷ ನ್ಯೂಯಾರ್ಕಿನ ಕೂಪರ್ ಯೂನಿಯನ್ನಿನಲ್ಲಿ ಮಕ್ಕಳಿಗೇ ಅಂತ ಒಂದು ಪ್ರದರ್ಶನ ಮಾಡಿಸಿದ. ಪೆಟ್ಟಿಗೆಗಳೆಲ್ಲಾ ತಗ್ಗಿನಲ್ಲಿ. ದೊಡ್ಡವರು ಬಗ್ಗಿ ನೋಡಬೇಕು. ಬಂದ ಮಕ್ಕಳಿಗೆ ಬ್ರೌನಿ, ಚೆರ್ರಿ ಕೋಲಾ ಕೊಡಿಸಿದ. ನಿಮ್ಮ ಅಪ್ಪನ ಸ್ಕೂಲಿನ ಮಕ್ಕಳನ್ನು ಒಂದು ದಿನ ಕರೀರಿ.

ಹೆಂಚಿನ ಮನೆ:
ಜಗಲಿ ಒಳಗಡೆ ಗೋಡೆಗೆ ಮಳೆ ಹೊಡೆಯಲ್ಲ. 63 ಹಿಡಿಯಲ್ಲ, ಮೂವತ್ತು ಹಿಡಿಯಬಹುದು. ಅಳತೆ ತೆಗೆದೆ. ಮಿಕ್ಕಿದ್ದು ಕಬ್ಬಿಣದ ಬೀರುವಿನಲ್ಲಿ, ನಂಬರ್ ಪ್ರಕಾರ. ಗುಜರಿ ಬೇಡ ಅಂತ ಒಪ್ಪಿದ್ದೀನಿ. ಅಟ್ಟ ಮಾತ್ರ ನನ್ನದು.

ಪುಸ್ತಕದ ಹುಳ:
ಬೀರುವಿನಲ್ಲಿ ಕರ್ಪೂರ, ನುಸಿಗುಳಿಗೆ ಎರಡೂ ಬೇಡ. ಒಣ ಬೇವಿನ ಸೊಪ್ಪು ಬಟ್ಟೆಯಲ್ಲಿ ಕಟ್ಟಿ ಇಡಿ, ಕಾಗದಕ್ಕೆ ತಾಗದ ಹಾಗೆ.

ಹಾರಂಗಿ ಹೊಳೆ:
ಒಂದು ವಾರ ಬಿಟ್ಟು ಬರೀತಿದ್ದೀನಿ. ಇಲ್ಲಿ ಒಂದು ಘಟನೆ ನಡೆದಿದೆ.

ನಿನ್ನೆ ನಾನು, ಅಣ್ಣ ಒಂದೊಂದೇ ಪೆಟ್ಟಿಗೆ ಕೆಳಗೆ ಇಳಿಸಿ ಜಗಲಿಯಲ್ಲಿ ಸಾಲಾಗಿ ಇಡುತ್ತಿದ್ದೆವು. ಅಮ್ಮ ಕುರ್ಚಿ ಹಾಕಿಕೊಂಡು ಸುಮ್ನೆ ನೋಡುತ್ತಿದ್ದರು. 8 ಬಂತು. ಅಮ್ಮ ಎದ್ದು ಬಂದು ಬಗ್ಗಿ ನೋಡಿದರು. "ಇದು ನನ್ನ ಸುಣ್ಣದ ಡಬ್ಬಿ!" ಅಂದರು.

ಚಂದ್ರ ಅಂದ್ಕೊಂಡಿದ್ದೆನಲ್ಲ, ಅದು ಅಮ್ಮನ ತವರಿನ ಹಿತ್ತಾಳೆ ಸುಣ್ಣದ ಡಬ್ಬಿ. ನಾನು ಸಣ್ಣವಳಿದ್ದಾಗ ಕಳೆದುಹೋಗಿತ್ತು. ಆ ಡಬ್ಬಿಗಾಗಿ ಅಮ್ಮ, ದೊಡ್ಡಮ್ಮ ಎರಡು ವರ್ಷ ಮಾತು ಬಿಟ್ಟಿದ್ದರು! ಅಪ್ಪ ಎರಡೂ ಕಡೆ ಸಮಾಧಾನ ಮಾಡುತ್ತಾ ಓಡಾಡುತ್ತಿದ್ದದ್ದು ನನಗೇ ನೆನಪಿದೆ. ಅಮ್ಮ ಹಿಂದಿನ ಮೊಳೆ ಬಿಚ್ಚಿಸಿ, ಡಬ್ಬಿ ತೆಗೆದು, ಸೆರಗಿನಲ್ಲಿ ಒರೆಸಿ ಒಳಗೆ ತಗೊಂಡು ಹೋದರು. ಹೋಗ್ತಾ "ಕಳ್ಳ ಮೇಷ್ಟ್ರು" ಅಂದರು. ಎರಡು ವರ್ಷದಲ್ಲಿ ಅಮ್ಮ ನಕ್ಕಿದ್ದು ಅದೇ ಮೊದಲು.

ಪೆಟ್ಟಿಗೆಯಲ್ಲಿ ಈಗ ನೀಲಿ ಆಕಾಶದಲ್ಲಿ ಒಂದು ದುಂಡನೆಯ ಬಿಳಿ ಗುರುತು ಅಷ್ಟೇ ಇದೆ. ಅಲ್ಲಿಗೆ ಬೇರೆ ಡಬ್ಬಿ ಹಾಕಬೇಕಾ, ಹಾಗೇ ಬಿಡಬೇಕಾ?

ವಿರಾಜಪೇಟೆ ಅಂಕಲ್:
ಹಾಗೇ ಬಿಡು ತಂಗಿ. ದೊಡ್ಡಮ್ಮನಿಗೆ ಮೊದಲು ಫೋನ್ ಮಾಡು.

ಡ್ರಾಯಿಂಗ್ ಶೀಟ್:
ಬೇರೆ ಡಬ್ಬಿ ಬೇಡವೇ ಬೇಡ. ನನ್ನ ಕೇಳಿದರೆ ಅಸಲಿ ಡಬ್ಬಿಯನ್ನೇ ವಾಪಸ್ ಇಡಬೇಕು. ಅದು ಇಲ್ಲದೆ ಆ ಕೃತಿ ಇಲ್ಲ.

ಲೈನ್ ಮನೆ ಹುಡುಗ:
ಕದ್ದ ಮಾಲು ಸ್ವಾಮಿ. ವಾರಸುದಾರರು ಬಂದು ತಗೊಂಡ್ರು. ಮ್ಯೂಸಿಯಂಗಳೆಲ್ಲಾ ಇದನ್ನು ಕಲೀಲಿ.

ಪುಸ್ತಕದ ಹುಳ:
ಅದೆಲ್ಲಾ ಇರಲಿ. ಡಬ್ಬಿ ತೆಗೆಯುವ ಮುಂಚೆ ಫೋಟೋ ತೆಗೆದಿದ್ದೀರಾ?

ಹಾರಂಗಿ ಹೊಳೆ:
ಇಲ್ಲ.

ಮೇಲೆ ಹಾಕಿದ್ದೆನಲ್ಲ, ಫ್ಲ್ಯಾಶ್ ಹೊಡೆದದ್ದು, ಅದೊಂದೇ ಇರೋದು. ಈಗ ಮತ್ತೆ ನೋಡಿದೆ. ಸರಿಯಾಗಿ ಡಬ್ಬಿ ಇದ್ದ ಜಾಗದಲ್ಲೇ ಫ್ಲ್ಯಾಶಿನ ಬೆಳಕು ಬಿದ್ದಿದೆ.

ಪೆಪ್ಪರ್ ಬಳ್ಳಿ:
ಅಮ್ಮನಿಗೆ ವೀಳ್ಯದೆಲೆ ಬೇಕಿದ್ದರೆ ಹೇಳಿ. ನಮ್ಮ ಅಡಿಕೆ ಮರಕ್ಕೆ ಜೋರಾಗಿ ಹಬ್ಬಿದೆ.